ಅಪ್ಪನ ಎರಡನೇ ಶನಿವಾರ

ಅಪ್ಪನನ್ನು ಮಣ್ಣು ಮಾಡಿದ ದಿನ ಸ್ಮಶಾನದಲ್ಲಿ ನಮಗೆ ಯಾರಿಗೂ ಗುರುತಿಲ್ಲದ ಒಬ್ಬ ಮನುಷ್ಯನಿದ್ದ. ನಲವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು ಬಂದಿದ್ದ. ನಮ್ಮಲ್ಲಿ ಯಾರೂ ಹಾಗೆ ಬಿಡುವುದಿಲ್ಲವಾದ್ದರಿಂದ ಅವನ ಬರಿಗಾಲು ಮೊದಲು ನನ್ನ ಕಣ್ಣಿಗೆ ಬಿತ್ತು. ಪೆಟ್ಟಿಗೆ ಇಳಿಸಿದ ಮೇಲೆ ಚರ್ಚಿನ ಅಯ್ಯನವರು ಪ್ರಾರ್ಥನೆ ಮಾಡಿದರು, ನಾವೆಲ್ಲ ಸಾಲಾಗಿ ಬಂದು ಮೂರು ಮೂರು ಹಿಡಿ ಮಣ್ಣು ಹಾಕಿದೆವು. ಕೊನೆಯಲ್ಲಿ ಅವನು ಬಂದ. ಅಲ್ಲಿದ್ದ ಮಣ್ಣಿನ ರಾಶಿಯನ್ನು ಮುಟ್ಟಲಿಲ್ಲ. ಜೇಬಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು, ಅದರೊಳಗಿದ್ದ ಮಣ್ಣನ್ನು ಅಪ್ಪನ ತಲೆಯ ಕಡೆಗೆ ಸುರಿದ.

ಪಕ್ಕದಲ್ಲಿದ್ದ ಚಿಕ್ಕಮ್ಮ, ಅಮ್ಮನ ತಂಗಿ, ನನ್ನ ಮೊಣಕೈ ಹಿಡಿದು ಇದು ಮಾಟವೇ ಎಂದು ಪಿಸುಗುಟ್ಟಿದರು. ಪ್ರತಿ ಭಾನುವಾರ ದೇವಾಲಯದಲ್ಲಿ ಮುಂದಿನ ಬೆಂಚಿನಲ್ಲೇ ಕೂರುವ ಚಿಕ್ಕಮ್ಮನ ಬಾಯಲ್ಲಿ ಆ ಮಾತು ಬಂದದ್ದಕ್ಕೆ ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅಂದು ನಗು ಬರಲಿಲ್ಲ.

ಹಾಸನದಲ್ಲಿ ವಕೀಲನಾಗಿರುವ ನಮ್ಮಣ್ಣ ಸ್ಮಶಾನದ ಗೇಟಿನಲ್ಲೇ ಅವನನ್ನು ತಡೆದು ಮಾತಾಡಿಸಿದ. ಯಾವೂರು ಎಂದರೆ ಗೆಂಡೆಹಳ್ಳಿ ಕಡೆ ಎಂದನಂತೆ. ಅಪ್ಪ ಹೇಗೆ ಪರಿಚಯ ಎಂದರೆ ಬಹಳ ವರ್ಷದಿಂದ ಗೊತ್ತು ಎಂದನಂತೆ. ಅದಕ್ಕಿಂತ ಹೆಚ್ಚು ಒಂದಕ್ಷರ ಬಾಯಿ ಬಿಡಲಿಲ್ಲ. ಜನರ ಜೊತೆ ಮನೆಯವರೆಗೂ ಬಂದು ಕಾಂಪೌಂಡಿನ ಹೊರಗೇ ನಿಂತ. ಮಂಡಿ ನೋವಿನ ಅಮ್ಮ ಸ್ಮಶಾನಕ್ಕೆ ಬಂದಿರಲಿಲ್ಲ. ಬೆಳಗಿನಿಂದ ಒಳಕೋಣೆಯ ಮಂಚದ ಮೇಲೆ ತಲೆ ತಗ್ಗಿಸಿ ಕೂತಿದ್ದವರು ನಾನು ಒಳಗೆ ಹೋದ ಕೂಡಲೇ ಮೆಲ್ಲಗೆ ಕೇಳಿದರು.

"ಗೆಂಡೆಹಳ್ಳಿಯಿಂದ ಯಾರಾದ್ರೂ ಬಂದಿದಾರಾ? ಊಟ ಹಾಕಿ ಕಳಿಸು. ಹಸ್ಕೊಂಡು ಹೋಗ್ಬಾರ್ದು."

ನಾನು ಬಾಗಿಲಲ್ಲೇ ನಿಂತೆ. ಊರಿನ ಹೆಸರು ಅಮ್ಮನಿಗೆ ಹೇಗೆ ಗೊತ್ತಾಯಿತು ಎಂದು ಕೇಳುವಷ್ಟರಲ್ಲಿ ಯಾರೋ ಬಂದು ಅಮ್ಮನನ್ನು ತಬ್ಬಿಕೊಂಡು ಅಳತೊಡಗಿದರು. ಹೊರಗೆ ಹೋಗಿ ನೋಡಿದರೆ ಆ ಮನುಷ್ಯ ಹೊರಟುಹೋಗಿದ್ದ.

ನನ್ನ ಅಪ್ಪ ಎಂಥವರು ಎಂದು ಅರಸೀಕೆರೆಯ ರೈಲ್ವೆ ಕಾಲೋನಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಗೂಡ್ಸ್ ಗಾಡಿಯ ಗಾರ್ಡ್ ಆಗಿ ನಿವೃತ್ತರಾದವರು. ಸಭೆಯ ಹಿರಿಯರಲ್ಲಿ ಒಬ್ಬರು. ಡ್ಯೂಟಿ ಇಲ್ಲದ ಭಾನುವಾರ ಸಂಜೆ ನಮ್ಮ ಮನೆಯದಷ್ಟೇ ಅಲ್ಲ, ಅಕ್ಕಪಕ್ಕದ ಮಕ್ಕಳ ಯೂನಿಫಾರಮ್ಮನ್ನೂ ತರಿಸಿಕೊಂಡು ಇದ್ದಿಲ ಪೆಟ್ಟಿಗೆಯಲ್ಲಿ ಇಸ್ತ್ರಿ ಹಾಕುತ್ತಿದ್ದರು. ಯಾರ ಮನೆಯಲ್ಲಿ ಸಾವಾದರೂ ಶವ ತೊಳೆಯಲು ಮೊದಲು ನಿಲ್ಲುತ್ತಿದ್ದವರು ಅವರೇ. ಎಂಟು ಮೊಮ್ಮಕ್ಕಳ ಉಗುರು ಕತ್ತರಿಸುವ ಹಕ್ಕನ್ನು ಮಕ್ಕಳ ತಾಯಂದಿರಿಗೂ ಬಿಟ್ಟುಕೊಟ್ಟವರಲ್ಲ. ಕ್ರಿಸ್‌ಮಸ್ಸಿಗೆ ಕರ್ಜಿಕಾಯಿಯ ಡಬ್ಬಗಳನ್ನು ಸೈಕಲ್ಲಿನ ಎರಡೂ ಕಡೆ ನೇತುಹಾಕಿಕೊಂಡು ಹೊರಟರೆ ಹಿಂದೂ ಮನೆ, ಸಾಬರ ಮನೆ ಎನ್ನದೆ ಸುತ್ತಿ, ಕತ್ತಲಾದ ಮೇಲೆ ಖಾಲಿ ಡಬ್ಬ ಬಡಿಯುತ್ತ ಬರುತ್ತಿದ್ದರು.

ಅವರ ಬಗ್ಗೆ ಎಲ್ಲರಿಗೂ ಬಾಯಿಪಾಠವಾಗಿದ್ದ ಒಂದು ಕತೆಯಿತ್ತು. ಅವರು ಅನಾಥ. ಎಂಟು ವರ್ಷದವರಿದ್ದಾಗ ಯಾರೋ ತಂದು ಮಿಷನ್ನಿನ ಹಾಸ್ಟೆಲಿಗೆ ಬಿಟ್ಟುಹೋದರು. ಅಲ್ಲೇ ಓದಿ, ದೀಕ್ಷಾಸ್ನಾನ ಪಡೆದು, ರೈಲ್ವೆ ಸೇರಿದರು. ಉಪದೇಶಿಯಾಗಿದ್ದ ಅಮ್ಮನ ಅಪ್ಪ, ಹಿಂದೆ ಮುಂದೆ ಯಾರೂ ಇಲ್ಲದ ಹುಡುಗನಿಗೆ ಮಗಳನ್ನು ಕೊಟ್ಟು, ಮದುವೆಯಲ್ಲಿ ದಿಕ್ಕಿಲ್ಲದವರಿಗೆ ದೇವರೇ ತಂದೆ ಎಂದು ಅರ್ಧ ಗಂಟೆ ಪ್ರಸಂಗ ಮಾಡಿದರಂತೆ. ಆ ಕತೆಯನ್ನು ಸಭೆಯಲ್ಲಿ ಯಾರು ಯಾರೋ ಹೇಳುತ್ತಿದ್ದರು, ಅಪ್ಪ ಮಾತ್ರ ಎಂದೂ ಹೇಳಿದ್ದಿಲ್ಲ. ಯಾರಾದರೂ ಶುರುಮಾಡಿದರೆ ಎದ್ದು ಹೋಗಿ ಹಾರ್ಮೋನಿಯಮ್ಮಿನ ಧೂಳು ಒರೆಸುತ್ತಿದ್ದರು. ನಾವು ಅದನ್ನು ವಿನಯ ಎಂದುಕೊಂಡಿದ್ದೆವು.

ಸಾವಾದ ಹತ್ತು ದಿನಕ್ಕೆ ಅಪ್ಪನ ಬೀರು ತೆಗೆದೆ. ಪ್ರಾರ್ಥನಾ ಪುಸ್ತಕದ ರಟ್ಟಿನ ಒಳಗೆ ಬಸ್ಸಿನ ಟಿಕೆಟುಗಳು ಸಿಕ್ಕಿದವು. ಹಳೆಯವು ಅಳಿಸಿಹೋಗಿದ್ದವು. ಓದಲು ಬರುತ್ತಿದ್ದ ಐದಾರು ಟಿಕೆಟುಗಳೂ ಬೇಲೂರಿನಿಂದ ಗೆಂಡೆಹಳ್ಳಿಗೆ ತೆಗೆದವು. ಕ್ಯಾಲೆಂಡರ್ ಇಟ್ಟುಕೊಂಡು ನೋಡಿದೆ. ಎಲ್ಲವೂ ಎರಡನೇ ಶನಿವಾರ.

ಎರಡನೇ ಶನಿವಾರ ಅಪ್ಪ ಎಲ್ಲಿಗೆ ಹೋಗುತ್ತಾರೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಹಳೇಬೀಡಿನಲ್ಲಿ ಹಾಸಿಗೆ ಹಿಡಿದಿದ್ದ ಒಬ್ಬ ವಿಶ್ವಾಸಿಯ ಮನೆಗೆ ಪ್ರಾರ್ಥನೆಗೆ. ಬೆಳಗಿನ ಬಸ್ಸಿಗೆ ಹೋದರೆ ಸಂಜೆಗೆ ಬರುತ್ತಿದ್ದರು. ಹಳೇಬೀಡಿಗೆ ಹೋಗುವವರು ಬೇಲೂರು ದಾಟಿ ಗೆಂಡೆಹಳ್ಳಿಗೆ ಯಾಕೆ ಹೋಗಬೇಕು?

ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಅವನು, ಆ ಮನುಷ್ಯನ ಕಿವಿ ನೋಡಿದೆಯಾ ಎಂದ. ನೋಡಿದ್ದೆ. ಅಪ್ಪನ ಹಾಗೇ ಮೇಲಿನ ಅಂಚು ಮಡಿಸಿದಂಥ ಕಿವಿ. ಇಬ್ಬರೂ ಆ ಮಾತನ್ನು ಮುಂದುವರಿಸಲಿಲ್ಲ. ಆದರೆ ಅಂದಿನಿಂದ ನನಗೆ ಅಪ್ಪನ ಫೋಟೋ ಎದುರು ನಿಂತು ಪ್ರಾರ್ಥನೆ ಮಾಡಲಾಗಲಿಲ್ಲ. ಗಾರ್ಡ್ ಕೆಲಸದಲ್ಲಿ ವಾರಕ್ಕೆ ಮೂರು ದಿನ ಮನೆಯ ಹೊರಗಿರುತ್ತಿದ್ದರು. ಆ ದಿನಗಳೆಲ್ಲ ನಿಜವಾಗಿ ಡ್ಯೂಟಿಯೇ ಆಗಿದ್ದವೇ? ಬಾಲ್ಯದ ಒಂದೊಂದು ನೆನಪನ್ನೂ ತೆಗೆದು, ಬೆಳಕಿಗೆ ಹಿಡಿದು, ಅನುಮಾನದಿಂದ ತಿರುಗಿಸಿ ನೋಡತೊಡಗಿದೆ. ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಇಪ್ಪತ್ತಾರು ವರ್ಷ ಕೂತವಳು. ಸಹಿ ಕೊಂಚ ಬೇರೆ ಕಂಡರೂ ಕಾಗದ ವಾಪಸು ಕೊಡುವ ಅಭ್ಯಾಸ. ಅಮ್ಮನನ್ನು ಕೇಳಬಹುದಿತ್ತು. ಕೇಳಲು ಧೈರ್ಯ ಬರಲಿಲ್ಲ. ಗೊತ್ತಿಲ್ಲದಿದ್ದರೆ ಗಾಯ ಮಾಡಿದಂತಾಗುತ್ತದೆ, ಗೊತ್ತಿದ್ದರೆ ಇಷ್ಟು ವರ್ಷ ನಮ್ಮೆದುರು ನಾಟಕ ಆಡಿದಂತೆ.

ಮುಂದಿನ ಎರಡನೇ ಶನಿವಾರ ನಾನೇ ಬಸ್ಸು ಹತ್ತಿದೆ. ಜಾವಗಲ್ ದಾಟಿ ಹಳೇಬೀಡಿನಲ್ಲಿ ಇಳಿದು, ಆ ವಿಶ್ವಾಸಿಯ ಮನೆ ಹುಡುಕಿದೆ. ಅವರ ಮಗಳು ಬಾಗಿಲು ತೆಗೆದಳು. ನಾನು ಯಾರೆಂದು ಹೇಳಿದ್ದೇ ಕೈ ಹಿಡಿದು ಅತ್ತಳು. ನಿಮ್ಮಪ್ಪ ವರ್ಷಕ್ಕೆ ಮೂರು ನಾಲ್ಕು ಸಲ ತಪ್ಪದೆ ಬರುತ್ತಿದ್ದರು, ನಮ್ಮ ತಂದೆಗೆ ಅವರ ಕೀರ್ತನೆ ಎಂದರೆ ಪ್ರಾಣ ಎಂದಳು. ನಿಮ್ಮ ತಂದೆ ಈಗ ಹೇಗಿದ್ದಾರೆ ಎಂದು ಕೇಳಿದೆ. ಅವಳು ವಿಚಿತ್ರವಾಗಿ ನೋಡಿದಳು. ತೀರಿಕೊಂಡು ಆರು ವರ್ಷವಾಗಿತ್ತು.

ಆರು ವರ್ಷ ಅಪ್ಪ ಸತ್ತ ಮನುಷ್ಯನಿಗೆ ಪ್ರಾರ್ಥನೆ ಮಾಡಲು ಹೋಗಿ ಬಂದಿದ್ದರು. ಸಂಜೆ ಬಂದು, ಹೇಗಿದ್ದಾರೆ ಎಂದು ನಾವು ಕೇಳಿದರೆ, ಹಾಗೇ ಇದ್ದಾರೆ ಎನ್ನುತ್ತಿದ್ದರು.

ಬೇಲೂರಿನಲ್ಲಿ ಬಸ್ಸು ಬದಲಿಸಿ ಗೆಂಡೆಹಳ್ಳಿಯಲ್ಲಿ ಇಳಿದಾಗ ಹನ್ನೊಂದೂವರೆ. ಸ್ಟಾಪಿನ ಎದುರಿನ ಹೋಟೆಲಿನವನಿಗೆ ಫೋನಿನಲ್ಲಿದ್ದ ಅಪ್ಪನ ಚಿತ್ರ ತೋರಿಸಿದೆ.

"ಇವ್ರು ರೈಲ್ವೆ ಮಾವ ಅಲ್ವೇನ್ರೀ? ಮೇಷ್ಟ್ರ ಸೋದರಮಾವ. ತೀರ್ಕಂಡ್ರಂತೆ ಪಾಪ. ನೀವು ಯಾರ್ ಕಡೆಯೋರು?"

ಪೋಸ್ಟಾಫೀಸಿನವಳು ಎಂದುಬಿಟ್ಟೆ. ಸುಳ್ಳೇನಲ್ಲ. ಆದರೆ ಅಪ್ಪನ ಮಗಳು ಎಂಬ ಮಾತು ನಾಲಿಗೆಗೆ ಬರಲಿಲ್ಲ. ಅವನು ಹೇಳಿದ ಸೋದರಮಾವ ಎಂಬ ಮಾತೂ ನನಗೆ ನಂಬಿಕೆ ತರಲಿಲ್ಲ. ಊರಿನ ಬಾಯಿ ಮುಚ್ಚಲು ಎಂತೆಂಥ ಸಂಬಂಧಗಳನ್ನು ಮಾವ, ಚಿಕ್ಕಪ್ಪ ಎಂದು ಕರೆದು ದಾಟಿಸುತ್ತಾರೆ ಎಂದು ನನಗೆ ಗೊತ್ತಿಲ್ಲವೇ.

ಅವನು ದಾರಿ ತೋರಿಸಿದ ಮೇಷ್ಟ್ರ ಮನೆ ಊರಿಂದ ಸ್ವಲ್ಪ ಆಚೆ, ಹೊಸದಾಗಿ ತಾರಸಿ ಹಾಕಿದ್ದು. ಒಳಗಿನ ಗೋಡೆಯ ಮೇಲೆ ಬುದ್ಧನ ಪಟ. ಬಿಳಿ ಅಂಗಿಯವನು ಪ್ರೌಢಶಾಲೆಯ ಮೇಷ್ಟ್ರು. ನನ್ನನ್ನು ನೋಡಿ ಕುರ್ಚಿಯಿಂದ ಎದ್ದುನಿಂತರು. ಅವರ ಹೆಂಡತಿ ನೀರು ತಂದು ಕೊಡುವಾಗ ಕುಡಿಯುತ್ತೇನೋ ಇಲ್ಲವೋ ಎಂದು ನನ್ನ ಕೈಯನ್ನೇ ನೋಡುತ್ತಿದ್ದಳು. ಅವರಿಗೂ ನನ್ನ ಮೇಲೆ ಅನುಮಾನವಿದೆ ಎಂದು ಆಗ ತಿಳಿಯಿತು. ಲೋಟ ಎತ್ತಿ ಪೂರ್ತಿ ಕುಡಿದೆ.

ಒಳಗಿನಿಂದ ಗೋಡೆ ಹಿಡಿದುಕೊಂಡು ಒಬ್ಬ ಮುದುಕಿ ಬಂದರು. ಮೇಷ್ಟ್ರ ತಾಯಿ. ಬೆನ್ನು ಬಾಗಿತ್ತು, ಮಾತು ಗಟ್ಟಿಯಾಗಿತ್ತು. ನನ್ನೆದುರು ಚಾಪೆಯ ಮೇಲೆ ಕೂತು, ಹೇಳುವುದಕ್ಕೆ ಮೊದಲೇ ನನ್ನ ಅನುಮಾನ ಗೊತ್ತಿದ್ದವರಂತೆ ನಕ್ಕರು.

"ನಾನು ನಿಮ್ಮಪ್ಪನ ತಂಗಿ ಕಣವ್ವ. ಬೇರೆ ಏನೂ ಅಲ್ಲ. ಒಂದೇ ಹೊಟ್ಟೇಲಿ ಹುಟ್ಟಿದೋರು."

ಅಪ್ಪನಿಗೆ ತಂಗಿ ಇರಲು ಸಾಧ್ಯವಿಲ್ಲ, ಅವರು ಅನಾಥರು ಎಂದೆ. ಅದಕ್ಕೆ ಅವರು ಸಾವಕಾಶವಾಗಿ ಎಲ್ಲ ಹೇಳಿದರು. ಅವರ ತಂದೆ ತೆಂಗಿನ ಮರದಿಂದ ಬಿದ್ದು ಸತ್ತಾಗ ಅಪ್ಪನಿಗೆ ಎಂಟು, ಅವರಿಗೆ ನಾಲ್ಕು. ಮಳೆಯಿಲ್ಲದೆ ರಾಗಿ ಒಣಗಿದ ವರ್ಷ. ತಾಯಿ ಕೂಲಿಗೆ ಹೋದರೂ ಎರಡು ಮಕ್ಕಳ ಹೊಟ್ಟೆಗೆ ಸಾಲುತ್ತಿರಲಿಲ್ಲ. ಮಿಷನ್ನಿನ ಹಾಸ್ಟೆಲಿನಲ್ಲಿ ಊಟ ಹಾಕಿ ಓದಿಸುತ್ತಾರೆ, ಆದರೆ ದಿಕ್ಕಿಲ್ಲದ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ ಎಂದು ಯಾರೋ ಹೇಳಿದರು. ತಾಯಿ ಮಗನನ್ನು ಕರೆದುಕೊಂಡು ನಡೆದೇ ಹೊರಟಳು. ದಾರಿಯುದ್ದಕ್ಕೂ, ಇನ್ನು ಮೇಲೆ ನನ್ನನ್ನು ಅವ್ವ ಅನ್ನಬಾರದು, ನೆರೆಮನೆಯವಳು ಅನ್ನಬೇಕು ಎಂದು ಹೇಳಿಕೊಟ್ಟಳು.

"ಅಲ್ಲಿ ಅಯ್ನೋರು ಕೇಳಿದ್ರಂತೆ, ಇವ್ರು ನಿಂಗೇನಾಗ್ಬೇಕಪ್ಪ ಅಂತ. ಇವ ಅವ್ವನ ಮಖ ನೋಡ್ದ. ಗೊತ್ತಿಲ್ಲ ಅಂದ. ನೆರೆಮನೆಯೋಳು ಅನ್ನು ಅಂದ್ರೆ, ಗೊತ್ತೇ ಇಲ್ಲ ಅಂದ್ಬುಟ್ಟ. ಅವ್ವ ಸಾಯೋಗಂಟ ಅದನ್ನ ಹೇಳ್ಕಂಡು ನಗೋಳು. ಅವ ಒಂದ್ ದಿನಾನೂ ನಗ್ಲಿಲ್ಲ."

ಅವರು ನನ್ನ ಮಂಡಿ ತಟ್ಟಿ, ಅವ್ವನನ್ನು ನೀನು ನೋಡಿದ್ದೀಯಲ್ಲ, ಸುಗ್ಗಿಯಲ್ಲಿ ನಿಮ್ಮನೆಗೆ ಅವರೆಕಾಯಿ ತರುತ್ತಿದ್ದಳಲ್ಲ ಎಂದರು.

ನೋಡಿದ್ದೆ. ಅವರೆಕಾಯಿ ಅಜ್ಜಿ ಎಂದೇ ಕರೆಯುತ್ತಿದ್ದೆವು. ವರ್ಷಕ್ಕೊಮ್ಮೆ ಚೀಲ ಹೊತ್ತು ಬಂದು, ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಎಲ್ಲವನ್ನೂ ತಾನೇ ಸುಲಿದುಕೊಟ್ಟು ಹೋಗುತ್ತಿದ್ದಳು. ನಾನು ಹತ್ತಿರ ಹೋದರೆ ನೆತ್ತಿ ಮೂಸುತ್ತಿದ್ದಳು. ಮಕ್ಕಳ ಕಳ್ಳಿ ಇರಬಹುದು ಎಂದು ಹೆದರಿ ಅಮ್ಮನಿಗೆ ದೂರು ಹೇಳಿದ್ದೆ. ಮೂಸಿದರೆ ಮೂಸಲಿ ಬಿಡು, ಏನೂ ಸವೆಯಲ್ಲ ಎಂದಿದ್ದರು ಅಮ್ಮ.

ಆದರೂ ನನ್ನ ಅಭ್ಯಾಸ ಬಿಡಲಿಲ್ಲ. ಯಾರು ಬೇಕಾದರೂ ಕತೆ ಕಟ್ಟಬಹುದು, ಆಧಾರ ಏನಿದೆ ಎಂದು ಕೇಳಿದೆ. ಕೇಳಿದ ಮೇಲೆ ನಾಚಿಕೆಯಾಯಿತು. ಮೇಷ್ಟ್ರು ಒಳಗೆ ಹೋಗಿ ಕಾಗದಗಳ ಒಂದು ಕಟ್ಟು ತಂದು ನನ್ನ ಕೈಗೆ ಕೊಟ್ಟರು. ಎಲ್ಲವೂ ನೀಲಿ ಇನ್‌ಲ್ಯಾಂಡ್ ಪತ್ರಗಳು. ಅಪ್ಪನ ಬಲಕ್ಕೆ ವಾಲುವ ಅಕ್ಷರ. 'ನೆರೆಮನೆಯ ಅಮ್ಮನಿಗೆ ವಂದನೆಗಳು' ಎಂದು ಶುರು. ಮಕ್ಕಳು ಓದುತ್ತಿದ್ದಾರೆ, ಮಗಳಿಗೆ ಅಂಚೆ ಇಲಾಖೆಯಲ್ಲಿ ಕೆಲಸವಾಯಿತು, ಅವರೆಕಾಯಿ ಚೆನ್ನಾಗಿತ್ತು, ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ. ನಾನು ಅಭ್ಯಾಸದಂತೆ ಮುದ್ರೆ ನೋಡಿದೆ. ನಾನು ಕೆಲಸಕ್ಕೆ ಸೇರಿದ ಮೇಲಿನ ಒಂದೂ ನಮ್ಮ ಕಚೇರಿಯದ್ದಲ್ಲ. ಅವೆಲ್ಲಕ್ಕೂ ರೈಲ್ವೆ ಸ್ಟೇಷನ್ನಿನಲ್ಲಿರುವ ರೈಲು ಅಂಚೆಯ ಆರ್.ಎಂ.ಎಸ್. ಮುದ್ರೆ. ನಮ್ಮ ಕಚೇರಿ ಮನೆಯಿಂದ ನಾಲ್ಕು ಹೆಜ್ಜೆ. ಮಗಳು ನೋಡಿಬಿಟ್ಟಾಳು ಎಂದು ಅಪ್ಪ ಪ್ಲಾಟ್‌ಫಾರಮ್ಮಿನವರೆಗೆ ನಡೆದು ಹೋಗಿ ಪೆಟ್ಟಿಗೆಗೆ ಹಾಕುತ್ತಿದ್ದರು. ನಾನು ಅವರನ್ನು ಅನುಮಾನಿಸಿದ್ದು ಒಂದೇ ತಿಂಗಳು. ಅವರು ನನಗೆ ಹೆದರಿಕೊಂಡು ವರ್ಷಗಟ್ಟಲೆ ಬದುಕಿದ್ದರು. ಆ ಮನೆಯಲ್ಲಿ ನಾನು ಅತ್ತದ್ದು ಆಗಲೇ.

ಮಣ್ಣಿನ ವಿಷಯ ಕೇಳಿದೆ. ಅವ್ವನ ಹಳೇ ಮನೆ ಬಿದ್ದ ಜಾಗದ ಮಣ್ಣು, ಮಾವನೇ ಕೇಳಿ ಮಾತು ತೆಗೆದುಕೊಂಡಿದ್ದರು ಎಂದರು ಮೇಷ್ಟ್ರು. ಆಮೇಲೆ ಸ್ವಲ್ಪ ಸಂಕೋಚದಿಂದ, ಸುದ್ದಿ ನಿಮ್ಮ ತಾಯಿಯೇ ಫೋನ್ ಮಾಡಿ ಹೇಳಿದರು ಎಂದೂ ಸೇರಿಸಿದರು.

ಹೊರಡುವ ಮುಂಚೆ ಒಂದು ಪ್ರಶ್ನೆ ಉಳಿದಿತ್ತು. ಹಾಸ್ಟೆಲಿನ ದಿನದ ಸುಳ್ಳು ಅರ್ಥವಾಗುತ್ತದೆ, ಮದುವೆಯಾಗಿ ಮಕ್ಕಳಾದ ಮೇಲೂ ಯಾಕೆ ಹೇಳಲಿಲ್ಲ, ನಿಮ್ಮ ಬಗ್ಗೆ ಅವರಿಗೆ ನಾಚಿಕೆಯಿತ್ತೇ ಎಂದು ಅತ್ತೆಯನ್ನು ಕೇಳಿದೆ.

"ನಾಚ್ಕೆ ಇದ್ದಿದ್ರೆ ತಿಂಗ್ಳು ತಿಂಗ್ಳೂ ಬತ್ತಿದ್ನಾ?" ಎಂದರು. ಆಮೇಲೆ ತಾವೇ, "ಇತ್ತೇನೋ ಕಣವ್ವ. ನಂಗೂ ಒಂದೊಂದ್ ಸಲ ಅನುಮಾನ ಬರೋದು. ಈ ಕ್ರಿಸ್ಮಸ್‌ಗೆ ಹೇಳ್ತೀನಿ, ಬರೋ ಕ್ರಿಸ್ಮಸ್‌ಗೆ ಹೇಳ್ತೀನಿ ಅನ್ನೋನು. ನಾನೂ ಕೇಳೋದು ಬಿಟ್ಬುಟ್ಟೆ."

ಮನೆಗೆ ಬಂದಾಗ ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. ಗೆಂಡೆಹಳ್ಳಿಗೆ ಹೋಗಿದ್ದೆ ಎಂದು ನಾನೇ ಹೇಳಿದೆ. ನಿನಗೆ ಯಾವಾಗಿನಿಂದ ಗೊತ್ತು ಎಂದು ಕೇಳಿದೆ. ಅಮ್ಮ ಕೈ ನಿಲ್ಲಿಸದೆ, ಅಣ್ಣ ಹುಟ್ಟಿದಾಗಿನಿಂದ ಎಂದರು. ಆಗ ಆ ಮುದುಕಿ ಮೊದಲ ಸಲ ಅವರೆಕಾಯಿ ಹೊತ್ತು ಬಂದು, ಕೂಸಿಗೆ ನಾನೇ ಎಣ್ಣೆ ತಿಕ್ಕಿ ಸ್ನಾನ ಮಾಡಿಸುತ್ತೇನೆ ಎಂದು ಹಟ ಹಿಡಿದಳಂತೆ. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರಂತೆ.

"ನೆರೆಮನೆಯವಳನ್ನ ಯಾರೂ ಹಾಗೆ ನೋಡಲ್ಲ."

ಆಮೇಲೆ ಅಪ್ಪನ ಫೋನಿನಲ್ಲಿ 'ಅವರೆಕಾಯಿ' ಎಂದು ಒಂದು ನಂಬರು ಕಂಡಾಗ, ಮುದುಕಿ ಸತ್ತು ಇಷ್ಟು ವರ್ಷವಾದ ಮೇಲೆ ಇದು ಗೆಂಡೆಹಳ್ಳಿಯಲ್ಲಿರುವ ಅವಳ ಮನೆಯವರದ್ದೇ ಇರಬೇಕು ಎಂದು ತಾವಾಗಿ ಊಹಿಸಿದರಂತೆ. ಹಾಗಿದ್ದರೆ ಯಾಕೆ ಕೇಳಲಿಲ್ಲ ಎಂದೆ. ಮೊದಲು ತಮ್ಮ ತಂದೆಯ ಭಯ. ಆ ಮದುವೆಯ ಪ್ರಸಂಗ ಮಾಡಿದ ಮನುಷ್ಯ ಅಳಿಯನಿಗೆ ತಾಯಿ ಇದ್ದಾಳೆ ಎಂದು ತಿಳಿದರೆ ಸುಮ್ಮನಿರುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಬೇರೆ ಕಾರಣ. ಅದನ್ನು ಹೇಳುವಾಗ ಅಮ್ಮನ ದನಿ ಬದಲಾಯಿತು.

"ಅವರಾಗೇ ಹೇಳ್ಲಿ ಅಂತ ಕಾದೆ. ಆ ಊರವರನ್ನೆಲ್ಲ ನಂಬಿದರು, ಅನ್ನ ಹಾಕಿದ ನನ್ನನ್ನ ನಂಬಲಿಲ್ಲ. ಆಸ್ಪತ್ರೇಲಿ ಕೊನೇ ದಿನ ಕೈ ಹಿಡ್ಕೊಂಡು ಕೂತಿದ್ದೆ. ಆಗಲಾದ್ರೂ ಹೇಳ್ತಾರೆ ಅಂದ್ಕೊಂಡೆ. ಕಿಟಕಿ ಹಾಕು ಅಂದರು, ಅಷ್ಟೇ."

ನಲವತ್ತನೇ ದಿನದ ಸ್ಮರಣೆಯ ಪ್ರಾರ್ಥನೆಗೆ ಗೆಂಡೆಹಳ್ಳಿಯವರನ್ನು ಕರೆಯುವುದೆಂದು ಅಮ್ಮ ಹೇಳಿದಾಗ ಅಣ್ಣ ಒಪ್ಪಲಿಲ್ಲ. ನಾನು ತಂದಿದ್ದ ಪತ್ರಗಳ ಕಟ್ಟನ್ನು ಎರಡು ದಿನ ಇಟ್ಟುಕೊಂಡು ಒಂದೊಂದೇ ಓದಿದ್ದ. ಅಕ್ಷರ ಅಪ್ಪನದೇ, ಆದರೆ ಪತ್ರ ಬರೆದದ್ದಕ್ಕೂ ರಕ್ತಸಂಬಂಧಕ್ಕೂ ಏನು ಸಂಬಂಧ ಎಂದ. ಇಷ್ಟು ವರ್ಷ ಇಲ್ಲದವರು ಈಗ ಯಾಕೆ ಬಂದರು ಎಂದ. ಅವರಾಗಿ ಬಂದಿಲ್ಲ, ನಾನು ಕರೆದಿದ್ದೇನೆ ಎಂದರು ಅಮ್ಮ. ಆ ದನಿಗೆ ಅಣ್ಣ ಅಪ್ಪನ ಕಾಲದಲ್ಲೂ ಎದುರು ಮಾತಾಡಿದವನಲ್ಲ.

ಅತ್ತೆ ಮಗನ ಕೈ ಹಿಡಿದು ದೇವಾಲಯಕ್ಕೆ ಬಂದು ಕೊನೆಯ ಬೆಂಚಿನಲ್ಲಿ ಕೂತರು. ಮುಗಿದ ಮೇಲೆ ಅಂಗಳದಲ್ಲಿ ಸಭೆಯ ಕಾರ್ಯದರ್ಶಿ ಅವರನ್ನು ಮೇಲಿಂದ ಕೆಳಗೆ ನೋಡಿ, ಇವರು ಯಾರು, ಯಾವ ಸಭೆಯವರು ಎಂದು ಅಣ್ಣನನ್ನು ಕೇಳಿದರು. ಅಣ್ಣ ನನ್ನ ಮುಖ ನೋಡಿದ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಕೋಲೂರಿಕೊಂಡು ಮುಂದೆ ಬಂದರು.

"ನನ್ನ ನಾದಿನಿ. ನಮ್ಮ ಯಜಮಾನರ ಒಡಹುಟ್ಟಿದವರು."

ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ದಿಕ್ಕಿಲ್ಲದ ಹುಡುಗನನ್ನು ದೇವರು ಎತ್ತಿಕೊಂಡ ಕತೆಯನ್ನು ಅವರು ಆಗತಾನೇ ವೇದಿಕೆಯ ಮೇಲೆ ಹೇಳಿ ಇಳಿದಿದ್ದರು. ಅಷ್ಟು ಹೊತ್ತಿಗೆ ಸುದ್ದಿ ಅಂಗಳದಲ್ಲಿ ಹರಡಿತ್ತು. ಕೆಲವರು ಬಂದು ಅತ್ತೆಗೆ ಕೈ ಮುಗಿದರು. ಕೆಲವರು ದೂರದಲ್ಲೇ ನಿಂತು ಮಾತಾಡಿಕೊಂಡರು. ಚಿಕ್ಕಮ್ಮ ನನ್ನ ಹತ್ತಿರ ಬಂದು, ಮೇಷ್ಟ್ರ ಕಿವಿ ಮಾತ್ರ ಭಾವನದೇ ಕಿವಿ ಎಂದರು.

ಊಟಕ್ಕೆ ಅಮ್ಮ ಅತ್ತೆಯನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಉಣ್ಣುತ್ತ ಅತ್ತೆ, ನಮ್ಮಣ್ಣನಿಗೆ ಹುರುಳಿಸಾರು ಅಂದರೆ ಪ್ರಾಣ, ಬಂದಾಗೆಲ್ಲ ಎರಡೆರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದ ಎಂದರು. ಅಮ್ಮ ತುತ್ತನ್ನು ಎಲೆಯ ಮೇಲೇ ಇಟ್ಟರು. ಮದುವೆಯಾದ ಹೊಸದರಲ್ಲಿ ಒಮ್ಮೆ ಮಾಡಿದ್ದೆ, ಹುರುಳಿ ತನಗೆ ಆಗಲ್ಲ ಅಂದರು, ಅಂದಿನಿಂದ ನಮ್ಮ ಮನೆಗೆ ಹುರುಳಿಯನ್ನೇ ತಂದಿಲ್ಲ ಎಂದರು. ಅತ್ತೆ ಅಮ್ಮನನ್ನು ನೋಡಿದರು, ಅಮ್ಮ ಅತ್ತೆಯನ್ನು ನೋಡಿದರು. ಇಬ್ಬರಲ್ಲಿ ಯಾರಾದರೂ ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನಿಸಲಿಲ್ಲ. ಆದರೆ ಅವರಿಬ್ಬರಿಗೂ ಹಾಗೆ ಅನಿಸಿದ್ದು ಮುಖದಲ್ಲೇ ಕಾಣುತ್ತಿತ್ತು. ಕೊನೆಗೆ ಅಮ್ಮ, ಸಾರಿಗೆ ಏನೇನು ಹಾಕುತ್ತಿದ್ದಿರಿ ಎಂದು ಕೇಳಿದರು.